ಉಳುಕಿ ಮೂರು ತಿಂಗಳಾದರೂ ಇಳಿಯದ ಬಾವು: ಪಾದದ ಗಂಟಿನ ಒಂದು ಪ್ರಕರಣ

ಪಾದದ ಗಂಟು ಉಳುಕಿದವರಲ್ಲಿ ಹೆಚ್ಚಿನವರು ಕೆಲವು ವಾರಗಳಲ್ಲಿ ಮೊದಲಿನಂತೆ ಓಡಾಡಿಕೊಂಡು ಇರುತ್ತಾರೆ. ಒಂದಷ್ಟು ಜನಕ್ಕೆ ಮಾತ್ರ ಬಾವು ಬಿಟ್ಟು ಹೋಗುವುದೇ ಇಲ್ಲ. ಬೆಳಗ್ಗೆ ಇಳಿದಿರುತ್ತದೆ, ಸಂಜೆಗೆ ಮತ್ತೆ ಹಾಜರ್. ಫಿಸಿಯೋಥೆರಪಿಗೆ ಬರುವ ಹೊತ್ತಿಗೆ ಇವರು ಮಾತ್ರೆ, ಮುಲಾಮು, ಐಸು, ಶಾಖ ಎಲ್ಲವನ್ನೂ ಒಂದು ಸುತ್ತು ಮುಗಿಸಿರುತ್ತಾರೆ. ಅಂಥದ್ದೇ ಒಂದು ಪ್ರಕರಣ ಇದು. ಗುರುತು ಸಿಗಬಾರದು ಅಂತ, ಒಂದೇ ಬಗೆಯ ತೊಂದರೆ ಇರುವ ಕೆಲವರ ವಿವರ ಸೇರಿಸಿ ಒಬ್ಬರ ಪ್ರಕರಣವಾಗಿ ಬರೆದಿದ್ದೇನೆ. ಕೊಟ್ಟಿರುವ ಅಳತೆಗಳು ಇಂಥ ಕಾಲುಗಳಲ್ಲಿ ಮಾಮೂಲಾಗಿ ಕಾಣುವಂಥವು.

ಏನಾಗಿತ್ತು

ವಯಸ್ಸು 43. ಹೈಸ್ಕೂಲ್ ಟೀಚರ್. ದಿನಕ್ಕೆ ಐದಾರು ಗಂಟೆ ನಿಂತೇ ಕೆಲಸ. ಮೆಟ್ಟಿಲು ಇಳಿಯುವಾಗ ಕೊನೆಯದು ಮುಗಿಯಿತು ಅಂದುಕೊಂಡು ಕಾಲಿಟ್ಟರು, ಇನ್ನೊಂದು ಬಾಕಿ ಇತ್ತು. ಬಲಪಾದ ಒಳಕ್ಕೆ ಹೊರಳಿತು. ಹೊರಬದಿ ಕೂಡಲೇ ಉಬ್ಬಿತು, ಮಾರನೇ ದಿನ ನೀಲಿಗಟ್ಟಿತು. ಎಕ್ಸ್‌ರೇಯಲ್ಲಿ ಮೂಳೆ ಮುರಿದಿರಲಿಲ್ಲ. ಡಾಕ್ಟರು ಕೆಲವು ದಿನಕ್ಕೆ ನೋವಿನ ಮಾತ್ರೆ, ಕ್ರೇಪ್ ಬ್ಯಾಂಡೇಜ್ ಕೊಟ್ಟು ‘ರೆಸ್ಟ್ ಮಾಡಿ’ ಎಂದು ಕಳಿಸಿದರು.

ಈ ‘ರೆಸ್ಟ್’ ಅನ್ನು ಅವರು ಚಾಚೂ ತಪ್ಪದೆ ಪಾಲಿಸಿದರು. ಎರಡು ವಾರ ಕಾಲು ನೆಲಕ್ಕೆ ಸೋಕಿಸಿದ್ದೇ ಕಡಿಮೆ. ನೋವು ತಗ್ಗಿದ ಮೇಲೆ ಒಂದೇ ಸಲ ಕೆಲಸಕ್ಕೆ ಹೋದರು, ಇಡೀ ದಿನ ನಿಂತರು. ಸಂಜೆ ಗಂಟು ಊದಿತು. ಶನಿವಾರ ಭಾನುವಾರ ಮಂಚ ಬಿಟ್ಟು ಇಳಿಯಲಿಲ್ಲ, ಊತ ಇಳಿಯಿತು. ಸೋಮವಾರ ಮತ್ತೆ ಶುರು. ನಡುನಡುವೆ ಬಿಸಿನೀರಿನ ಶಾಖ, ಜೋರಾಗಿ ತಿಕ್ಕಿಸಿಕೊಳ್ಳುವುದು, ಯಾರೋ ಹೇಳಿದರು ಅಂತ ಐಸು. ಹೀಗೇ ಮೂರು ತಿಂಗಳು ಕಳೆಯಿತು.

“ಒಳಗೆ ಏನೋ ಹರಿದಿದೆ ಅಲ್ವಾ ಡಾಕ್ಟ್ರೇ? ಇಲ್ಲದಿದ್ದರೆ ಇಷ್ಟು ದಿನ ಯಾಕೆ ಹೀಗೆ?” ಎಂದು ಫಿಸಿಯೋಥೆರಪಿಸ್ಟ್ ಆದ ನನ್ನ ಹತ್ತಿರ ಬಂದ ಕೂಡಲೇ ಕೇಳಿದರು.

ಮೊದಲು ಬೇರೇನೂ ಅಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು

ಪಾದದ ಗಂಟು ಊದಿದ್ದೆಲ್ಲಾ ಉಳುಕಲ್ಲ. ಉಳುಕಿನ ಕಥೆ ಗೊತ್ತಿದ್ದರೂ ಇದನ್ನು ಮರೆಯುವಂತಿಲ್ಲ. ಕೀಲು ಕೆಂಪಾಗಿ, ಬಿಸಿಯಾಗಿ, ಜೊತೆಗೆ ಜ್ವರವೂ ಇದ್ದು, ಕಾಲು ಅಲ್ಲಾಡಿಸಲೂ ಆಗದಿದ್ದರೆ ಅದು ಕೀಲಿನೊಳಗಿನ ಸೋಂಕು ಇರಬಹುದು. ಅದು ಅದೇ ದಿನ ಆಸ್ಪತ್ರೆಗೆ ಹೋಗಬೇಕಾದ ಸಂಗತಿ, ವ್ಯಾಯಾಮದ ವಿಷಯವೇ ಅಲ್ಲ. ರಾತ್ರೋರಾತ್ರಿ ಶುರುವಾಗಿ ಹೊದಿಕೆ ತಾಗಿದರೂ ಕೂಗುವಂಥ ನೋವಾದರೆ, ಯೂರಿಕ್ ಆಸಿಡ್ ಹರಳುಗಟ್ಟಿ ಕೀಲು ಊದಿಸುವ ಗೌಟ್ ನೆನಪಾಗಬೇಕು. ಬೆಳಗ್ಗೆ ಎದ್ದಾಗಿನ ಬಿಗಿತ ಗಂಟೆಗಟ್ಟಲೆ ಬಿಡದೆ, ಕೈಬೆರಳ ಗಂಟುಗಳೂ ಊದಿದ್ದರೆ ಸಂಧಿವಾತದ ತಪಾಸಣೆ ಬೇಕು. ಮೀನಖಂಡವೇ ಊದಿ ನೋಯುತ್ತಿದ್ದರೆ ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು. ಇನ್ನು ಬಹಳ ದಿನದಿಂದ ಸಕ್ಕರೆ ಕಾಯಿಲೆ ಇದ್ದು, ಪಾದ ಜೋಮು ಹಿಡಿದವರ ಗಂಟು ಬಿಸಿಯಾಗಿ ಊದಿದ್ದರೆ, ನೋವು ಕಡಿಮೆ ಇದೆ ಅಂತ ಸಮಾಧಾನಪಡುವ ಹಾಗಿಲ್ಲ. ಒಳಗೆ ಮೂಳೆಗಳೇ ಕುಸಿಯುತ್ತಿರಬಹುದು.

ಇವರಿಗೆ ಜ್ವರ ಇರಲಿಲ್ಲ. ಬೇರೆ ಕೀಲು ನೋಯುತ್ತಿರಲಿಲ್ಲ. ಬೆಳಗಿನ ಬಿಗಿತ ಹತ್ತು ನಿಮಿಷದಲ್ಲಿ ಸಡಿಲವಾಗುತ್ತಿತ್ತು. ರಕ್ತಪರೀಕ್ಷೆಯಲ್ಲಿ ಸಕ್ಕರೆ, ಮೈಯೊಳಗಿನ ಉರಿಯೂತ ತೋರಿಸುವ ಇಎಸ್‌ಆರ್ ಮತ್ತು ಸಿಆರ್‌ಪಿ, ಯೂರಿಕ್ ಆಸಿಡ್ ಎಲ್ಲಾ ಸರಿಯಾಗಿದ್ದವು. (ಯೂರಿಕ್ ಆಸಿಡ್ ಸ್ವಲ್ಪ ಜಾಸ್ತಿ ಬಂದ ಮಾತ್ರಕ್ಕೆ ಗೌಟ್ ಎಂದು ಹಣೆಪಟ್ಟಿ ಹಚ್ಚುವುದು ನಾನು ತುಂಬಾ ನೋಡಿರುವ ಅವಸರ. ಜಾಸ್ತಿ ಇದ್ದವರೆಲ್ಲರಿಗೂ ಗೌಟ್ ಬರುವುದಿಲ್ಲ. ಗೌಟಿನ ನೋವು ಜೋರಾಗಿರುವಾಗಲೇ ಅದು ಸರಿಯಾದ ಮಟ್ಟದಲ್ಲಿ ಇರಬಹುದು.)

ಮೂಳೆ ಮುರಿತದ ಬಗ್ಗೆ ಮೊದಲ ದಿನವೇ ಎಕ್ಸ್‌ರೇ ಆಗಿತ್ತು. ಎಲ್ಲ ಉಳುಕಿಗೂ ಎಕ್ಸ್‌ರೇ ಬೇಕಿಲ್ಲ. ಕೆನಡಾದ ಒಟ್ಟಾವಾದಲ್ಲಿ ಇಯಾನ್ ಸ್ಟೀಲ್ ಮತ್ತು ಅವರ ತಂಡ 1992ರಲ್ಲಿ ಇದಕ್ಕೊಂದು ಸರಳ ನಿಯಮ ಮಾಡಿಕೊಟ್ಟಿತು. ಗಂಟಿನ ಎರಡೂ ಬದಿಯ ಉಬ್ಬು ಮೂಳೆಗಳ ತುದಿ ಒತ್ತಬೇಕು, ಅಲ್ಲಿಂದ ಮೇಲಕ್ಕೆ 6 ಸೆಂಟಿಮೀಟರ್‌ವರೆಗೆ ಮೂಳೆಯ ಹಿಂದಿನ ಅಂಚನ್ನೂ ಒತ್ತಬೇಕು. ಮೂಳೆಯ ಮೇಲೆಯೇ ನೋವಾದರೆ, ಅಥವಾ ಪೆಟ್ಟಾದ ಕೂಡಲೇ ಮತ್ತು ಡಾಕ್ಟರು ನೋಡುವಾಗ ಎರಡೂ ಸಲ ನಾಲ್ಕು ಹೆಜ್ಜೆ ಇಡಲಾಗದಿದ್ದರೆ ಎಕ್ಸ್‌ರೇ ತೆಗೆಯಬೇಕು. ಕಿರುಬೆರಳಿನ ಕಡೆಯ ಪಾದದ ಅಂಚಿನಲ್ಲಿ ನಡುಭಾಗದ ಮೂಳೆ, ಒಳಬದಿಯಲ್ಲಿ ಕಮಾನಿನ ಮೇಲಿನ ಮೂಳೆ ಒತ್ತಿದಾಗ ನೋವಾದರೂ ಅಷ್ಟೇ. ಕುಂಟುತ್ತಾ ಇಟ್ಟರೂ ಅದು ಹೆಜ್ಜೆಯೇ.

ಪರೀಕ್ಷೆಯಲ್ಲಿ ಕಂಡದ್ದು

ಶೂ, ಸಾಕ್ಸ್ ತೆಗೆಸಿದೆ. ಎಡಗಾಲಲ್ಲಿ ಸಾಕ್ಸಿನ ಎಲಾಸ್ಟಿಕ್ ಗುರುತು ಕಂಡೂ ಕಾಣದ ಹಾಗಿತ್ತು. ಬಲಗಾಲಲ್ಲಿ ಬೆರಳು ಆಡಿಸಿದರೆ ಸಿಗುವಷ್ಟು ಆಳದ ಪಟ್ಟಿ ಬಿದ್ದಿತ್ತು. ಹೊರಬದಿಯ ಉಬ್ಬು ಮೂಳೆಯ ಮುಂದೆ ಸಾಮಾನ್ಯವಾಗಿ ಒಂದು ಸಣ್ಣ ತಗ್ಗು ಇರುತ್ತದಲ್ಲ, ಅದು ತುಂಬಿಹೋಗಿತ್ತು. ಒತ್ತಿದಾಗ ಮೆತ್ತಗೆ ಸಿಕ್ಕಿತು, ಅವರು “ಹಾ, ಅಲ್ಲೇ” ಎಂದರು. ನೋವು ಮೂಳೆಯ ಮೇಲೆ ಇರಲಿಲ್ಲ, ಕೀಲಿನ ಸಂದಿಯಲ್ಲಿತ್ತು.

ಟೇಪನ್ನು ಗಂಟಿನ ಸುತ್ತ ಇಂಗ್ಲಿಷಿನ ಎಂಟರ ಅಂಕಿಯಂತೆ ಸುತ್ತಿ ಅಳೆದಾಗ ಬಲಗಾಲು ಒಂದೂವರೆ ಸೆಂಟಿಮೀಟರ್ ಜಾಸ್ತಿ. ಗಂಟು ಮೇಲಕ್ಕೆ ಎಷ್ಟು ಬಾಗುತ್ತದೆ ಎಂದು ನೋಡಲು ಗೋಡೆಯ ಪರೀಕ್ಷೆ ಮಾಡಿಸಿದೆ. ಗೋಡೆಗೆ ಮುಖಮಾಡಿ ನಿಂತು, ಹಿಮ್ಮಡಿ ಎತ್ತದೆ ಮಂಡಿಯನ್ನು ಗೋಡೆಗೆ ತಾಗಿಸಬೇಕು. ಹೆಬ್ಬೆರಳನ್ನು ಗೋಡೆಯಿಂದ ಎಷ್ಟು ದೂರ ಇಟ್ಟರೂ ಮಂಡಿ ತಾಗುತ್ತದೆ ಎಂಬುದೇ ಅಳತೆ. ಎಡಗಾಲು 10 ಸೆಂಟಿಮೀಟರ್, ಬಲಗಾಲು 5. ಇಲ್ಲಿ ಒಂದು ಸೆಂಟಿಮೀಟರ್ ಅಂದರೆ ಸುಮಾರು ಮೂರೂವರೆ ಡಿಗ್ರಿ. ಎರಡು ಕಾಲಿನ ನಡುವೆ ಎರಡು ಸೆಂಟಿಮೀಟರ್ ವ್ಯತ್ಯಾಸ ಬಂದರೇ ಗಮನಿಸಬೇಕು, ಇಲ್ಲಿ ಐದು. ಒಂಟಿಕಾಲಲ್ಲಿ ನಿಂತು ಹಿಮ್ಮಡಿ ಎತ್ತಿಸಿದೆ. ಎಡಕ್ಕೆ 20 ಸಲ ಆಯಿತು, ಬಲಕ್ಕೆ ನಾಲ್ಕನೆಯದಕ್ಕೇ ಸಾಕಾಯಿತು. ಸುಮ್ನೆ ಒಂಟಿಕಾಲಲ್ಲಿ ನಿಲ್ಲಿ ಅಂದರೆ ಎಡಗಾಲು 30 ಸೆಕೆಂಡ್ ಆರಾಮಾಗಿ ನಿಂತಿತು, ಬಲಗಾಲು ಎಂಟು ಸೆಕೆಂಡಿಗೇ ತೂರಾಡಿತು.

ಹೊರಬದಿಯ ಮುಂದಿನ ಲಿಗಮೆಂಟ್ (ಮೂಳೆಗೆ ಮೂಳೆ ಬಿಗಿಯುವ ಪಟ್ಟಿ) ಸ್ವಲ್ಪ ಸಡಿಲ ಇತ್ತು. ಆದರೆ ಎಳೆದಾಗ ಕೊನೆಯಲ್ಲಿ ಗಟ್ಟಿಯಾಗಿ ತಡೆಯುತ್ತಿತ್ತು. ಪೂರ್ತಿ ಹರಿದಿದ್ದರೆ ಹಾಗೆ ತಡೆಯುವುದಿಲ್ಲ. ಮೊಣಕಾಲಿನ ಕೆಳಗಿನ ಎರಡು ಮೂಳೆಗಳನ್ನು ಮೇಲ್ಭಾಗದಲ್ಲಿ ಹಿಂಡಿದಾಗ ಗಂಟಿನಲ್ಲಿ ನೋವಾಗಲಿಲ್ಲ. ಹಾಗಾಗಿ ಗಂಟಿಗಿಂತ ಮೇಲಿನ ಉಳುಕೂ ಅಲ್ಲ.

ಕೊನೆಗೆ ನಡೆಸಿ ನೋಡಿದೆ. ಬಲಪಾದವನ್ನು ಹೊರಕ್ಕೆ ತಿರುಗಿಸಿ ಇಡುತ್ತಿದ್ದರು, ಹಿಮ್ಮಡಿ ಬೇಗ ಮೇಲೇಳುತ್ತಿತ್ತು. ಅವರಿಗೆ ಅದು ಗೊತ್ತೇ ಇರಲಿಲ್ಲ.

ಬಾವು ಯಾಕೆ ಹೋಗುತ್ತಿರಲಿಲ್ಲ

ಪಾದದ ಗಂಟಿನ ನಡುವೆ ಟೇಲಸ್ ಎಂಬ ಮೂಳೆ ಇದೆ. ಅದಕ್ಕೆ ಒಂದೂ ಸ್ನಾಯು ಅಂಟಿಲ್ಲ. ಮೇಲಿನ ಎರಡು ಮೂಳೆಗಳ ನಡುವೆ ಸಿಕ್ಕಿಕೊಂಡು, ಸುತ್ತಲಿನವರು ಎಳೆದಂತೆ ಆಡುತ್ತದೆ. ಮೇಲ್ಮೈ ಮುಂದೆ ಅಗಲ, ಹಿಂದೆ ಕಿರಿದು, ಹೆಚ್ಚುಕಡಿಮೆ ಬೆಣೆಯ ಹಾಗೆ. ಪಾದವನ್ನು ಮೇಲಕ್ಕೆ ಬಾಗಿಸಿದಾಗ ಅಗಲವಾದ ಭಾಗ ಒಳಗೆ ಬಂದು ಕೀಲು ಬಿಗಿಯಾಗಿ ಕೂರುತ್ತದೆ. ಬೆರಳು ಕೆಳಗೆ ಚಾಚಿದಾಗ ಕಿರಿದಾದ ಭಾಗ ಬರುತ್ತದೆ, ಕೀಲು ಸಡಿಲ. ಮೆಟ್ಟಿಲು ಇಳಿಯುವಾಗ, ಎತ್ತರದ ಹಿಮ್ಮಡಿಯ ಚಪ್ಪಲಿಯಲ್ಲಿ ಕಾಲು ಹೊರಳುವುದು ಜಾಸ್ತಿ ಯಾಕೆ ಅಂದರೆ ಇದೂ ಒಂದು ಕಾರಣ.

ಉಳುಕಿನ ನಂತರ ಎರಡು ವಾರ ಅಲ್ಲಾಡಿಸದೇ ಇದ್ದಾಗ ಈ ಟೇಲಸ್ ಹಿಂದಕ್ಕೆ ಜಾರುವುದನ್ನು ಕಡಿಮೆ ಮಾಡುತ್ತದೆ. ಪಾದ ಮೇಲಕ್ಕೆ ಬಾಗುವುದಿಲ್ಲ. ಹಾಗೆಯೇ ಇಡೀ ದಿನ ನಡೆದರೆ ಕೀಲಿನ ಮುಂಭಾಗದಲ್ಲಿ ಒಳಪೊರೆ ಹೆಜ್ಜೆ ಹೆಜ್ಜೆಗೂ ಹಿಸುಕಿಕೊಳ್ಳುತ್ತದೆ. ಕೀಲಿನ ಒಳಪೊರೆಯ ಕೆಲಸವೇ ಜಾರಲು ಬೇಕಾದ ದ್ರವ ಕೊಡುವುದು. ಕೆರಳಿದಾಗ ಬೇಕಾದ್ದಕ್ಕಿಂತ ಜಾಸ್ತಿ ಕೊಡುತ್ತದೆ. ಹಾಗೆ ತುಂಬಿಕೊಂಡ ಕೀಲು ಸುತ್ತಲಿನ ಸ್ನಾಯುಗಳ ಶಕ್ತಿಯನ್ನೂ ಕಡಿತ ಮಾಡುತ್ತದೆ. ನೋವಿಲ್ಲದಿದ್ದರೂ, ಬರೀ ಊತ ಇದ್ದರೂ, ನರಗಳು ಸ್ನಾಯುವಿಗೆ ಪೂರ್ತಿ ಆಜ್ಞೆ ಕೊಡುವುದಿಲ್ಲ. ಸ್ನಾಯು ದುರ್ಬಲವಾದರೆ ಗಂಟು ಅಲುಗಾಡುತ್ತದೆ, ಅಲುಗಾಡಿದರೆ ಮತ್ತೆ ಕೆರಳುತ್ತದೆ.

ಹಾಗಾಗಿ “ಏನೋ ಹರಿದಿದೆ” ಎಂಬ ಪ್ರಶ್ನೆಗೆ ನನ್ನ ಉತ್ತರ ಹೀಗಿತ್ತು: “ಹರಿದದ್ದು ಬಹುಪಾಲು ಕೂಡಿಕೊಂಡಿದೆ ಮೇಡಂ. ಈಗ ಕಾಡುತ್ತಿರುವುದು ಎರಡು ದಿನ ಸೊನ್ನೆ, ಐದು ದಿನ ನೂರು ಅನ್ನುವ ಲೆಕ್ಕ.”

ಮೊದಲ ವಾರಗಳು

ವಾರಪೂರ್ತಿ ಒಂದೇ ಹದದ ಕೆಲಸ ಇಡುವುದು ನಮ್ಮ ಮೊದಲ ಗುರಿ. ಕ್ಲಾಸಿನಲ್ಲಿ ಒಂದು ಕುರ್ಚಿ. ಪಾಠದ ಅರ್ಧ ನಿಂತು, ಅರ್ಧ ಕೂತು. ಕೆಲಸದ ಹೊತ್ತಿನಲ್ಲಿ ಲೇಸ್ ಕಟ್ಟುವ ಆ್ಯಂಕಲ್ ಬ್ರೇಸ್ (ಗಂಟಿಗೆ ಆಸರೆ ಕೊಡುವ ಕವಚ), ಹಿಮ್ಮಡಿ ಗಟ್ಟಿಯಾಗಿ ಹಿಡಿಯುವ ಶೂ. ಶನಿವಾರ ಭಾನುವಾರವೂ ಸ್ವಲ್ಪ ನಡಿಗೆ. ಇದಕ್ಕೆ ಅವರು ಒಪ್ಪಿದ್ದು ಮನಸ್ಸಿಲ್ಲದ ಮನಸ್ಸಿನಿಂದ. ಊದಿದ ಕಾಲಲ್ಲಿ ರಜೆಯ ದಿನ ನಡೆಯಿರಿ ಅಂದರೆ ಯಾರಿಗಾದರೂ ಹಾಗೆಯೇ ಅನಿಸುತ್ತದೆ.

ನನ್ನ ಕಡೆಯಿಂದ ಕೈಯಲ್ಲಿ ಮಾಡುವ ಚಿಕಿತ್ಸೆ: ಟೇಲಸ್ಸನ್ನು ಮೆಲ್ಲಗೆ ಹಿಂದಕ್ಕೆ ಒತ್ತಿ ಜಾರಿಸುವುದು, ಆಮೇಲೆ ಬೆಲ್ಟ್ ಹಾಕಿ ಅವರೇ ಮಂಡಿ ಮುಂದೆ ಬಾಗಿಸುವಾಗ ಅದಕ್ಕೆ ನೆರವಾಗುವುದು. ಮೊದಲ ದಿನವೇ ಗೋಡೆಯ ಅಳತೆ ಒಂದು ಸೆಂಟಿಮೀಟರ್ ಹೆಚ್ಚಿತು. ಇದು ಉಳಿಯಬೇಕಾದರೆ ಮನೆಯಲ್ಲಿ ಅದೇ ಚಲನೆ ಮಾಡಬೇಕು. ಗೋಡೆಗೆ ಮಂಡಿ ತಾಗಿಸುವುದು ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಮಾಡದಿದ್ದರೆ ನನ್ನ ಒತ್ತುವಿಕೆಯ ಫಲ ಒಂದೆರಡು ದಿನದ್ದು. ಶಬ್ದತರಂಗದಿಂದ ಚಿಕಿತ್ಸೆ ಕೊಡುವ ಅಲ್ಟ್ರಾಸೌಂಡ್ ಮೆಷಿನ್ ಹಾಕುವುದಿಲ್ಲವಾ ಎಂದು ಕೇಳಿದರು. ಹಾಕಲಿಲ್ಲ. ಉಳುಕಿಗೆ ಅದರಿಂದ ಹೇಳಿಕೊಳ್ಳುವಂಥ ಪ್ರಯೋಜನ ಕಂಡುಬಂದಿಲ್ಲ. ಆ ಹತ್ತು ನಿಮಿಷವನ್ನು ಹಿಮ್ಮಡಿ ಎತ್ತಲು ಬಳಸಿದರೆ ಲಾಭ.

ಮುಂದಿನ ಪ್ರಶ್ನೆ ಎಲ್ಲರದ್ದೂ: ಐಸಾ, ಶಾಖವಾ?

ಅಮೆರಿಕದ ಡಾಕ್ಟರ್ ಗೇಬ್ ಮಿರ್ಕಿನ್ 1978ರಲ್ಲಿ ವಿಶ್ರಾಂತಿ, ಐಸು, ಒತ್ತುಪಟ್ಟಿ, ಕಾಲು ಎತ್ತಿಡುವುದು ಎಂಬ ನಾಲ್ಕನ್ನು ಸೇರಿಸಿ ‘ರೈಸ್’ ಎಂದು ಕರೆದರು. ಜಗತ್ತೆಲ್ಲಾ ಅದನ್ನೇ ಪಾಲಿಸಿತು. ಐಸು ಮತ್ತು ಪೂರ್ತಿ ವಿಶ್ರಾಂತಿ ವಾಸಿಯಾಗುವುದನ್ನು ನಿಧಾನ ಮಾಡಬಹುದು ಎಂದು ಮುಂದೆ ಅವರೇ ಬರೆದರು. 2019ರಲ್ಲಿ ಡುಬೋಯಿಸ್ ಮತ್ತು ಎಸ್ಕ್ಯುಲಿಯೆ ಮುಂದಿಟ್ಟ ‘ಪೀಸ್ ಆ್ಯಂಡ್ ಲವ್’ ಎಂಬ ಹೊಸ ಪಟ್ಟಿಯಲ್ಲಿ ಐಸೇ ಇಲ್ಲ. ಅದರ ಬದಲು ಕಾಲಿಗೆ ಹಂತಹಂತವಾಗಿ ಭಾರ ಕೊಡುವುದು, ವ್ಯಾಯಾಮ ಬಂದಿವೆ. ನನ್ನ ಮಟ್ಟಿಗೆ ಐಸು ನೋವು ಮರೆಸುವ ಸಾಧನ, ಅಷ್ಟೇ. ಸಂಜೆ ಗಂಟು ಬಿಸಿಯಾಗಿ ನೋಯುತ್ತಿದ್ದರೆ ಒದ್ದೆ ಬಟ್ಟೆಯ ಮೇಲೆ 10ರಿಂದ 15 ನಿಮಿಷ ಇಡಬಹುದು. ನೋವಿಲ್ಲದಿದ್ದರೆ ಬೇಡ. ಶಾಖ ಬೆಳಗಿನ ಬಿಗಿತಕ್ಕೆ ಚೆನ್ನ, ಬಿಸಿಯಾಗಿ ಊದಿದ ಗಂಟಿಗೆ ಬೇಡ. ಪಾದ ಜೋಮು ಹಿಡಿದವರು ಎರಡನ್ನೂ ಮುಟ್ಟದಿರುವುದು ಒಳ್ಳೆಯದು. ಸುಟ್ಟರೂ ಗೊತ್ತಾಗುವುದಿಲ್ಲ. ಜೋರಾಗಿ ತಿಕ್ಕುವುದನ್ನು ಮಾತ್ರ ಪೂರ್ತಿ ನಿಲ್ಲಿಸಲು ಹೇಳಿದೆ.

ಊತಕ್ಕೆ ನಿಜವಾಗಿ ಕೆಲಸ ಮಾಡಿದ್ದು ಕಾಲು ಎತ್ತಿಟ್ಟು ಪಾದ ಆಡಿಸುವುದು. ಇದನ್ನು ಸರಿಯಾಗಿ ಮಾಡುವವರು ಕಡಿಮೆ. ಸೋಫಾದಲ್ಲಿ ಕೂತು ಸ್ಟೂಲಿನ ಮೇಲೆ ಕಾಲಿಟ್ಟರೆ ಅದು ಎತ್ತಿಟ್ಟಂತಲ್ಲ. ಮಲಗಿ, ಪಾದ ಎದೆಗಿಂತ ಮೇಲೆ ಬರಬೇಕು. ದಿಂಬು ಹಿಮ್ಮಡಿಯ ಕೆಳಗೆ ಬೇಡ, ಮೀನಖಂಡದ ಉದ್ದಕ್ಕೂ ಇರಲಿ, ಹಿಮ್ಮಡಿ ಖಾಲಿ ತೂಗಲಿ. ಆಗ ಪಾದವನ್ನು ಮೇಲೆ ಕೆಳಗೆ ಒಂದೆರಡು ನಿಮಿಷ ಪೂರ್ತಿಯಾಗಿ ಆಡಿಸಬೇಕು, ಸ್ವಲ್ಪ ಬಿಟ್ಟು ಮತ್ತೆ. ಮೀನಖಂಡದ ಸ್ನಾಯು ಹಿಂಡಿದಾಗ ನಿಂತ ದ್ರವ ಮೇಲಕ್ಕೆ ಸಾಗುತ್ತದೆ. ಬ್ಯಾಂಡೇಜನ್ನು ಬೆರಳ ಬುಡದಿಂದ ಮೇಲಕ್ಕೆ ಸುತ್ತಬೇಕು, ಕೆಳಗೆ ಬಿಗಿ ಜಾಸ್ತಿ, ಮೇಲೆ ಹೋಗುತ್ತಾ ಕಡಿಮೆ. ಇವರು ಗಂಟಿಗೆ ಮಾತ್ರ ಬಿಗಿಯಾಗಿ ಸುತ್ತುತ್ತಿದ್ದರು, ಪಾದದ ಬೆನ್ನು ಊದುತ್ತಿತ್ತು. ಬೆರಳು ನೀಲಿಯಾದರೆ, ಜೋಮು ಬಂದರೆ ಬಿಚ್ಚಿಬಿಡಬೇಕು. ರಾತ್ರಿ ಬೇಡವೇ ಬೇಡ.

ಡಾಕ್ಟರನ್ನು ಕೇಳಿ ಡೈಕ್ಲೋಫಿನಾಕ್ ಎಂಬ ನೋವಿನ ಜೆಲ್ ಕೆಲವು ದಿನ ಹಚ್ಚಿದರು. ಮಾತ್ರೆ ಮುಂದುವರಿಸಲಿಲ್ಲ. ನೋವಿನ ಮಾತ್ರೆಯನ್ನು ತಿಂಗಳುಗಟ್ಟಲೆ ತಾವಾಗಿಯೇ ನುಂಗುವವರಿಗೆ ಹೊಟ್ಟೆಯ ಹುಣ್ಣು, ಕಿಡ್ನಿಯ ತೊಂದರೆ, ರಕ್ತದೊತ್ತಡ ಏರುವುದು ಕಟ್ಟಿಟ್ಟದ್ದಲ್ಲವಾದರೂ ದೂರದ್ದೂ ಅಲ್ಲ.

ತೀರ್ಪು ಮಾರನೇ ಬೆಳಗ್ಗೆ

ವ್ಯಾಯಾಮದಲ್ಲಿ ನೋವಾದರೆ ನಿಲ್ಲಿಸಬೇಕಾ? ಇಲ್ಲ. ಸೊನ್ನೆಯಿಂದ ಹತ್ತರ ಲೆಕ್ಕದಲ್ಲಿ ಮೂರರವರೆಗಿನ ನೋವು ಪರವಾಗಿಲ್ಲ. ಆದರೆ ಮಾರನೇ ಬೆಳಗ್ಗೆ ಮಂಚದಿಂದ ಇಳಿದ ಮೊದಲ ಹೆಜ್ಜೆಗಳ ನೋವು ಹಿಂದಿನ ದಿನದಷ್ಟೇ ಇರಬೇಕು. ಜಾಸ್ತಿಯಾಗಿದ್ದರೆ ನಿನ್ನೆ ಮಾಡಿದ್ದು ಅತಿಯಾಯಿತು ಅಂತ. ಅವರಿಗೆ ಒಂದು ನೋಟ್‌ಬುಕ್ ಇಡಲು ಹೇಳಿದೆ. ಬೆಳಗ್ಗೆ ಮೊದಲ ಹೆಜ್ಜೆಯ ನೋವು, ಗೋಡೆಯ ಅಳತೆ, ಸಂಜೆ ಸಾಕ್ಸಿನ ಗುರುತು ಆಳವೋ ತೇಲವೋ. ಮೂರೇ ವಿಷಯ. ಟೀಚರ್ ಆದ್ದರಿಂದ ಗೆರೆ ಎಳೆದು, ಬಣ್ಣ ಬಳಿದು ಚೆಂದ ಮಾಡಿದ್ದರು.

ಹಿಮ್ಮಡಿ ಎತ್ತುವುದನ್ನು ಶುರುವಿನಲ್ಲಿ ಎರಡೂ ಕಾಲಲ್ಲಿ ಮಾಡಿಸಿದೆ. ಎತ್ತಿ 30ರಿಂದ 45 ಸೆಕೆಂಡ್ ಹಾಗೇ ಹಿಡಿಯುವುದು, ಐದು ಸಲ. ಆಮೇಲೆ ಎರಡರಲ್ಲಿ ಎತ್ತಿ ಬಲಗಾಲೊಂದರಲ್ಲಿ ನಿಧಾನಕ್ಕೆ ಇಳಿಸುವುದು. ಪಾದವನ್ನು ಹೊರಕ್ಕೆ ತಳ್ಳುವ ಸ್ನಾಯುಗಳಿಗೆ ರಬ್ಬರ್ ಬ್ಯಾಂಡ್. ಕಾಲು ಹೊರಳುವಾಗ ತಡೆಯುವವರು ಇವರೇ. ಒಂಟಿಕಾಲಲ್ಲಿ ನಿಲ್ಲುವುದನ್ನು ಹಲ್ಲುಜ್ಜುವ ಹೊತ್ತಿಗೆ ಜೋಡಿಸಿದೆ, ಮುಂದೆ ಹಿಡಿಯಲು ಸಿಂಕ್ ಇರುತ್ತದೆ. ಬೇರೆ ಸಮಯ ಹುಡುಕಬೇಕಿಲ್ಲ, ಮರೆಯುವುದೂ ಇಲ್ಲ.

ನಾಲ್ಕನೇ ವಾರದ ಪೇಚು

ಮೂರನೇ ವಾರಕ್ಕೆ ಗೋಡೆಯ ಅಳತೆ 7 ಸೆಂಟಿಮೀಟರ್ ಮುಟ್ಟಿತ್ತು. ಸಂಜೆಯ ಗುರುತು ತೇಲವಾಗಿತ್ತು. ನಾಲ್ಕನೇ ವಾರ ಶಾಲೆಯಲ್ಲಿ ಕ್ರೀಡಾಕೂಟ. ಇಡೀ ದಿನ ಮೈದಾನದಲ್ಲಿ ನಿಂತರು, ಬ್ರೇಸ್ ಮನೆಯಲ್ಲೇ ಉಳಿದಿತ್ತು. ಮಾರನೇ ದಿನ ಫೋನ್ ಬಂತು.

“ಮತ್ತೆ ಮೊದಲಿನ ಹಾಗೇ ಆಗಿದೆ ಡಾಕ್ಟ್ರೇ. ವ್ಯಾಯಾಮ ಎಲ್ಲಾ ನಿಲ್ಲಿಸಿದ್ದೀನಿ. ಒಂದು ವಾರ ಕಾಲೇ ಊರಲ್ಲ.”

“ಬೆಳಗ್ಗೆ ನೋವು ಎಷ್ಟು ಬರೆದ್ರಿ?”

“ಐದು.”

“ಮೊದಲ ಸಲ ಬಂದಾಗ?”

ಪುಟ ತಿರುವುವ ಸದ್ದು. “ಆರು.”

“ಗೋಡೆ?”

“ನೋಡಿಲ್ಲ.” ಸ್ವಲ್ಪ ಹೊತ್ತು ಬಿಟ್ಟು, “ಆರೂವರೆ ಇದೆ.”

ಈ ಫೋನ್ ಕರೆಗೆ ಇಡೀ ಚಿಕಿತ್ಸೆಯಲ್ಲಿ ನಾನು ತುಂಬಾ ಬೆಲೆ ಕೊಡುತ್ತೇನೆ. ಊತ ಬಂತು ಅಂದರೆ ಮತ್ತೆ ಪೆಟ್ಟಾಯಿತು ಅಂತಲ್ಲ. ಕೀಲು ಹೊರಳಿರಲಿಲ್ಲ, ಹೊಸ ನೀಲಿ ಇರಲಿಲ್ಲ, ಚಲನೆ ಅರ್ಧ ಸೆಂಟಿಮೀಟರ್ ಮಾತ್ರ ಕಡಿಮೆ. ಕೆರಳಿದೆ, ಅಷ್ಟೇ. ಆಗ ಸೊನ್ನೆಗೆ ಇಳಿದರೆ ಹಳೆಯ ಲೆಕ್ಕಕ್ಕೇ ಮರಳಿದಂತೆ. ಎರಡು ದಿನ ಎಲ್ಲವನ್ನೂ ಅರ್ಧ ಮಾಡಿ ಎಂದೆ. ನಡಿಗೆ ಅರ್ಧ, ನಿಲ್ಲುವುದು ಅರ್ಧ. ಹಿಮ್ಮಡಿ ಎತ್ತುವುದು ಮತ್ತೆ ಎರಡೂ ಕಾಲಲ್ಲಿ. ಗೋಡೆಯ ವ್ಯಾಯಾಮ ಮಾತ್ರ ಪೂರ್ತಿ. ಮೂರನೇ ಬೆಳಗ್ಗೆ ನೋವು ಮೂರಕ್ಕೆ ಇಳಿಯಿತು, ವಾರದ ಕೊನೆಗೆ ಎರಡು. ಆಮೇಲೆ ಅವರಿಗೆ ಊತದ ಹೆದರಿಕೆ ಹೋಯಿತು. ಬ್ಯಾಂಡಿನ ಬಣ್ಣ ಬದಲಿಸಿ ಜಾಸ್ತಿ ಬಿಗಿಯದ್ದು ಕೊಟ್ಟಾಗ ಕೇಳದೆಯೇ ತಗೊಂಡರು.

ಹನ್ನೆರಡನೇ ವಾರ

ಆರನೇ ವಾರದಿಂದ ಮೆಟ್ಟಿಲು, ಹುಲ್ಲಿನ ಮೇಲೆ ನಡಿಗೆ, ಎರಡೂ ಕಾಲಲ್ಲಿ ಸಣ್ಣ ಜಿಗಿತ, ಕೊನೆಗೆ ಒಂಟಿಕಾಲಿನ ಜಿಗಿತ. ಇಲ್ಲಿ ವಿಶೇಷವೇನೂ ನಡೆಯಲಿಲ್ಲ. ಹನ್ನೆರಡನೇ ವಾರದ ಅಳತೆ: ಊತದ ವ್ಯತ್ಯಾಸ ಅರ್ಧ ಸೆಂಟಿಮೀಟರ್, ಗೋಡೆ 9, ಹಿಮ್ಮಡಿ 17 ಸಲ, ಒಂಟಿಕಾಲು 27 ಸೆಕೆಂಡ್. ತುಂಬಾ ನಿಂತ ದಿನ ಸಂಜೆ ಸ್ವಲ್ಪ ಊತ ಈಗಲೂ ಬರುತ್ತದೆ, ಬೆಳಗ್ಗೆಗೆ ಇರುವುದಿಲ್ಲ.

ಆರು ವಾರಕ್ಕೂ ಈ ಅಂಕಿಗಳು ಕದಲದಿದ್ದರೆ ನಾನು ಇದೇ ದಾರಿಯಲ್ಲಿ ಮುಂದುವರಿಯುತ್ತಿರಲಿಲ್ಲ. ಕೀಲು ನಡುವೆ ಸಿಕ್ಕಿಹಾಕಿಕೊಂಡಂತಾಗುವುದು, ಒಳಗೆ ಆಳದಲ್ಲಿ ನೋವು, ಸಮ ನೆಲದಲ್ಲೂ ಗಂಟು ಕೈಕೊಡುವುದು, ರಾತ್ರಿ ನಿದ್ದೆ ಕೆಡಿಸುವ ನೋವು ಇದ್ದರೆ ಮೂಳೆತಜ್ಞರ ಹತ್ತಿರ ಕಳಿಸಬೇಕು. ಟೇಲಸ್ಸಿನ ಮೇಲಿನ ಮೃದ್ವಸ್ಥಿಗೆ (ಮೂಳೆಯ ತುದಿ ಮುಚ್ಚುವ ನುಣುಪು ಪದರಕ್ಕೆ) ಆದ ಪೆಟ್ಟು ಎಕ್ಸ್‌ರೇಯಲ್ಲಿ ತಪ್ಪಿಹೋಗುತ್ತದೆ, ಎಂಆರ್‌ಐಯಲ್ಲಿ ಕಾಣುತ್ತದೆ.

ಬಿಟ್ಟು ಕಳಿಸುವಾಗ ಕೊಟ್ಟ ಪಟ್ಟಿ ಚಿಕ್ಕದು. ಹಿಮ್ಮಡಿ ಎತ್ತುವುದು ಮತ್ತು ಬ್ಯಾಂಡ್ ವಾರಕ್ಕೆ ಮೂರು ದಿನ, ಒಂಟಿಕಾಲು ದಿನಾ ಹಲ್ಲುಜ್ಜುವಾಗ. ಒಮ್ಮೆ ಉಳುಕಿದ ಗಂಟು ಮತ್ತೆ ಉಳುಕುವ ಸಾಧ್ಯತೆ ಮೊದಲ ವರ್ಷ ಹೆಚ್ಚು. ಹಾಗಾಗಿ ಏರುತಗ್ಗಿನ ನೆಲದಲ್ಲಿ, ಆಟದ ಮೈದಾನದಲ್ಲಿ ವರ್ಷವಿಡೀ ಬ್ರೇಸ್ ಹಾಕಬೇಕು. ಮುಂದಿನ ಕ್ರೀಡಾಕೂಟಕ್ಕೂ ಸೇರಿಸಿ, ಎಂದೆ. ಒಂದು ಕುರ್ಚಿಯನ್ನೂ ಮೊದಲೇ ಹೇಳಿ ಇಡಿಸಿಕೊಳ್ಳುತ್ತೇನೆ ಎಂದರು.